ಧೂಮಪಾನ ಮತ್ತು ಶ್ವಾಸನಾಳಗಳ ಉರಿಯೂತ: ದೀರ್ಘಕಾಲೀನ ಶ್ವಾಸಕೋಶ ರೋಗವನ್ನು ಅರಿಯುವ ಬಗೆ

"ತಂದೆಯವರು ಬೀಡಿ ಬಿಟ್ಟು ಹತ್ತು ವರ್ಷಗಳಾದವು. ಆದರೂ ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ. ಬಿಟ್ಟ ಚಟಕ್ಕೆ ಈಗೇಕೆ ದಂಡ?" ಹಿರಿಯರಿರುವ ಅನೇಕ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಯಿದು. ಊರು ಬಿಟ್ಟು ಬಂದು ಮುಂಬಯಿಯ ಹೋಟೆಲು, ಗಿರಣಿ, ಬಂದರುಗಳಲ್ಲಿ ದುಡಿದ ತಲೆಮಾರಿನ ಅನೇಕರಿಗೆ ಬೀಡಿ, ಸಿಗರೇಟುಗಳು ದಣಿವಾರಿಸುವ ಸಂಗಾತಿಗಳಾಗಿದ್ದವು. ಆ ತಲೆಮಾರಿನವರು ಇಂದು ಎಪ್ಪತ್ತು, ಎಂಬತ್ತರ ಗಡಿಯಲ್ಲಿದ್ದಾರೆ. ಅವರ ಕೆಮ್ಮನ್ನು "ವಯಸ್ಸಾಯಿತಲ್ಲ" ಎಂದು ಮನೆಮಂದಿ ಪಕ್ಕಕ್ಕೆ ಸರಿಸುವುದುಂಟು. ವಯಸ್ಸಿನ ಪಾತ್ರ ಇಲ್ಲವೆಂದಲ್ಲ. ಆದರೆ ಮೇಲಿನ ಪ್ರಶ್ನೆಗೆ ನಿಜವಾದ ಉತ್ತರವು ಶ್ವಾಸನಾಳಗಳ ಒಳಗೋಡೆಯಲ್ಲಿ, ದಶಕಗಳ ಹಿಂದೆ ಆರಂಭವಾಗಿ ಇನ್ನೂ ಆರದಿರುವ ಒಂದು ಉರಿಯಲ್ಲಿದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಉರಿಯೂತವೆಂದು ಹೆಸರು.

ಈ ರೋಗವನ್ನು ವೈದ್ಯರು ಸಿ.ಓ.ಪಿ.ಡಿ. ಎಂದು ಕರೆಯುತ್ತಾರೆ. ದೀರ್ಘಕಾಲದಿಂದ ಶ್ವಾಸಮಾರ್ಗಕ್ಕೆ ತಡೆಯುಂಟಾಗಿ, ಒಳಗೆ ಎಳೆದುಕೊಂಡ ಗಾಳಿಯನ್ನು ಸಲೀಸಾಗಿ ಹೊರಬಿಡಲಾಗದ ಸ್ಥಿತಿ ಎಂಬುದು ಇದರ ತಾತ್ಪರ್ಯ. ಹಿಂದೆ 'ದೀರ್ಘಕಾಲೀನ ಬ್ರಾಂಕೈಟಿಸ್' ಮತ್ತು 'ಎಂಫಿಸೀಮಾ' ಎಂದು ಬೇರೆಬೇರೆಯಾಗಿ ಹೇಳುತ್ತಿದ್ದ ಎರಡು ತೊಂದರೆಗಳು ಒಂದೇ ರೋಗಿಯಲ್ಲಿ ಬೆರೆತಿರುವುದೇ ಹೆಚ್ಚಾದುದರಿಂದ ಈಗ ಒಂದೇ ಹೆಸರಿನ ಕೆಳಗೆ ಸೇರಿವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನ ಇದರಿಂದ ಮೃತಪಟ್ಟರು. ಮರಣದ ಕಾರಣಗಳಲ್ಲಿ ಅದು ಅಂದು ನಾಲ್ಕನೆಯ ಸ್ಥಾನದಲ್ಲಿತ್ತು. ಭಾರತದಲ್ಲಿ 2016ರ ಅಂದಾಜಿನಂತೆ ಐದೂವರೆ ಕೋಟಿ ಜನರಿಗೆ ಈ ರೋಗವಿತ್ತು.

ನಮ್ಮ ಆಡುಮಾತಿನಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿಲ್ಲ. ಉಬ್ಬಸ, ಗೂರಲು, ದಮ್ಮು ಎಂಬ ಮಾತುಗಳನ್ನು ಅಸ್ತಮಾಕ್ಕೂ ಇದಕ್ಕೂ ಒಂದೇ ರೀತಿಯಾಗಿ ಬಳಸುತ್ತೇವೆ. ದಮ್ಮು ಎಂಬ ಪದವಂತೂ ವಿಚಿತ್ರವಾದುದು. ಸಿಗರೇಟಿನ ಒಂದು ಎಳೆತಕ್ಕೂ ದಮ್ಮು, ಎದೆಗಾರಿಕೆಗೂ ದಮ್ಮು, ಉಸಿರು ಸಿಕ್ಕದೆ ಒದ್ದಾಡುವ ಕಾಯಿಲೆಗೂ ದಮ್ಮು! ಹೆಸರಿನ ಈ ಗೊಂದಲದಿಂದ ಚಿಕಿತ್ಸೆಯಲ್ಲಿಯೂ ಗೊಂದಲವಾಗುವುದುಂಟು. ಆ ವಿಚಾರವನ್ನು ಮುಂದೆ ನೋಡೋಣ.

ಆರೋಗ್ಯವಂತ ಶ್ವಾಸನಾಳ

ಗಂಟಲಿನಿಂದ ಕೆಳಗಿಳಿಯುವ ಶ್ವಾಸನಾಳವು ಮರದ ಕೊಂಬೆಗಳಂತೆ ಎರಡಾಗಿ, ನಾಲ್ಕಾಗಿ ಸುಮಾರು 23 ಬಾರಿ ಕವಲೊಡೆಯುತ್ತದೆ. ತುದಿಯಲ್ಲಿ ದ್ರಾಕ್ಷಿಗೊಂಚಲಿನಂತಹ ಗಾಳಿಗೂಡುಗಳಿವೆ. ಅವುಗಳ ಸಂಖ್ಯೆ ಮೂವತ್ತರಿಂದ ಐವತ್ತು ಕೋಟಿ. ಆಮ್ಲಜನಕವು ರಕ್ತಕ್ಕೆ ಸೇರುವುದು ಇಲ್ಲಿಯೇ. ನಾಳಗಳ ಒಳಮೈಯಲ್ಲಿ ಸಿಲಿಯ ಎಂಬ ಸೂಕ್ಷ್ಮ ರೋಮಗಳು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ಬೀಸುತ್ತಾ, ತಮ್ಮ ಮೇಲಿರುವ ತೆಳುವಾದ ಲೋಳೆಯ ಪದರವನ್ನು ಗಂಟಲಿನತ್ತ ತಳ್ಳುತ್ತಿರುತ್ತವೆ. ಉಸಿರಿನೊಂದಿಗೆ ಒಳಬಂದ ಧೂಳು, ರೋಗಾಣುಗಳು ಲೋಳೆಗೆ ಅಂಟಿಕೊಂಡು ಮೇಲಕ್ಕೆ ಬರುತ್ತವೆ. ನಾವು ಅರಿಯದೆಯೇ ಅದನ್ನು ನುಂಗಿಬಿಡುತ್ತೇವೆ. ಈ ಪದರವನ್ನು ದಾಟಿ ಗಾಳಿಗೂಡುಗಳವರೆಗೆ ಇಳಿದ ಕಣಗಳನ್ನು ಕಬಳಿಸಲು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಅಲ್ಲಿ ಸದಾ ಗಸ್ತು ತಿರುಗುತ್ತಿರುತ್ತವೆ.

ಗಾಯವಾದಾಗ ಅಥವಾ ರೋಗಾಣು ನುಸುಳಿದಾಗ ಆ ಭಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುವುದನ್ನು ನಾವೆಲ್ಲ ಕಂಡಿದ್ದೇವೆ. ರಕ್ತನಾಳಗಳು ಹಿಗ್ಗಿ, ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸುವುದರ ಲಕ್ಷಣಗಳಿವು. ಉರಿಯೂತವು ಮೂಲತಃ ದೇಹದ ರಕ್ಷಣಾ ಕ್ರಮ. ಶತ್ರು ತೊಲಗಿದ ಮೇಲೆ ಅದು ತಾನಾಗಿ ಶಮನವಾಗಬೇಕು. ದಿನಕ್ಕೆ ಇಪ್ಪತ್ತು ಸಲ, ವರ್ಷಕ್ಕೆ ಏಳು ಸಾವಿರಕ್ಕೂ ಮಿಕ್ಕಿ ಶತ್ರುವನ್ನು ನಾವೇ ಒಳಗೆ ಕರೆತರುತ್ತಿದ್ದರೆ ಶಮನಕ್ಕೆ ಅವಕಾಶವೆಲ್ಲಿ?

ಹೊಗೆ ಒಳಹೊಕ್ಕಾಗ

ತಂಬಾಕಿನ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರಿಗೆ ಕಾರಣವಾಗಬಲ್ಲವು. ಚಟ ಹಿಡಿಸುವುದು ನಿಕೋಟಿನ್. ಆದರೆ ಶ್ವಾಸನಾಳಗಳನ್ನು ಸುಡುವ ಕೆಲಸದಲ್ಲಿ ಮುಖ್ಯ ಪಾತ್ರ ಹೊಗೆಯ ಇತರ ಅಂಶಗಳದು. ಅಕ್ರೋಲಿನ್, ಫಾರ್ಮಾಲ್ಡಿಹೈಡ್ ಮುಂತಾದ ಕೆರಳಿಸುವ ಅನಿಲಗಳು, ಅತಿಸೂಕ್ಷ್ಮ ಕಣಗಳು, ಜೊತೆಗೆ 'ಫ್ರೀ ರ್‍ಯಾಡಿಕಲ್' ಎಂಬ ಅತಿ ಚುರುಕಾದ ಅಣುಗಳು ಇವುಗಳಲ್ಲಿ ಸೇರಿವೆ. ಒಂದೊಂದು ಎಳೆತದಲ್ಲಿಯೂ ಇಂತಹ ಅಣುಗಳು ಕೋಟಿ ಕೋಟಿ ಸಂಖ್ಯೆಯಲ್ಲಿ ಒಳಸೇರಿ, ಸಿಕ್ಕ ಕೋಶದ ಪೊರೆಯನ್ನೂ ಪ್ರೋಟೀನನ್ನೂ ಕೆಡಿಸುತ್ತವೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವ ರೀತಿಯ ರಾಸಾಯನಿಕ ಕ್ರಿಯೆಯೇ ಜೀವಂತ ಅಂಗಾಂಶದಲ್ಲಿ ನಡೆಯುತ್ತದೆಂದು ಹೇಳಬಹುದು.

ಮೊದಲ ಪೆಟ್ಟು ಬೀಳುವುದು ರೋಮಗಳ ಮೇಲೆ. ಅವು ಗಿಡ್ಡವಾಗುತ್ತವೆ, ಬೀಸುವ ವೇಗ ಕುಗ್ಗುತ್ತದೆ, ಕೆಲವೆಡೆ ರೋಮವಿರುವ ಕೋಶಗಳೇ ನಶಿಸಿ ಆ ಜಾಗದಲ್ಲಿ ಲೋಳೆ ಸುರಿಸುವ ಕೋಶಗಳು ತಲೆಯೆತ್ತುತ್ತವೆ. ಗೋಡೆಯೊಳಗಿನ ಲೋಳೆ ಗ್ರಂಥಿಗಳು ದಪ್ಪವಾಗುತ್ತವೆ. ಹೀಗೆ ಕಸ ಹೆಚ್ಚಿ, ಗುಡಿಸುವವರು ಕಡಿಮೆಯಾಗುತ್ತಾರೆ. ಉಳಿದ ದಾರಿ ಕೆಮ್ಮೊಂದೇ. ಧೂಮಪಾನಿಗಳ ಬೆಳಗಿನ ಕೆಮ್ಮಿನ ಮೂಲ ಇದು. "ಬೆಳಿಗ್ಗೆ ಒಂದು ಬೀಡಿ ಸೇದಿದರೆ ಕಫ ಸಡಿಲವಾಗುತ್ತದೆ" ಎಂಬ ನಂಬಿಕೆ ನಮ್ಮ ಹಿರಿಯರಲ್ಲಿ ಬಲವಾಗಿತ್ತು. ಕಫ ಹೊರಬರುವುದು ನಿಜವಿರಬಹುದು. ಆದರೆ ಅದು ಹೊಗೆ ಕೆರಳಿಸಿದ ಕೆಮ್ಮಿನ ಫಲವೇ ಹೊರತು ಬೀಡಿಯ ಔಷಧ ಗುಣವಲ್ಲ.

ಎರಡನೆಯ ಹಂತದಲ್ಲಿ ಗೋಡೆಯ ಕೋಶಗಳೂ ಭಕ್ಷಕ ಕೋಶಗಳೂ ಅಪಾಯದ ಸಂದೇಶಗಳನ್ನು ಹೊರಡಿಸುತ್ತವೆ. ಇಂಟರ್‌ಲ್ಯೂಕಿನ್-8, ಲ್ಯೂಕೋಟ್ರೈಯೀನ್ ಬಿ-4 ಎಂಬ ಸಂದೇಶವಾಹಕಗಳು ರಕ್ತದಲ್ಲಿರುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಶ್ವಾಸನಾಳಕ್ಕೆ ಸೆಳೆಯುತ್ತವೆ. ಧೂಮಪಾನಿಯ ಶ್ವಾಸಕೋಶದಲ್ಲಿ ಭಕ್ಷಕ ಕೋಶಗಳ ಸಂಖ್ಯೆಯೇ ಹಲವು ಪಟ್ಟು ಹೆಚ್ಚಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಅವು ಹೊಗೆಯ ಮಸಿ ತುಂಬಿ ಕಂದು ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ. ಸಂಖ್ಯೆ ಹೆಚ್ಚಿದರೂ ಅವುಗಳ ಸಾಮರ್ಥ್ಯ ಕುಂದಿರುತ್ತದೆ. ರೋಗಾಣುಗಳನ್ನು, ಸತ್ತ ಕೋಶಗಳನ್ನು ನುಂಗುವ ಶಕ್ತಿ ಅವಕ್ಕೆ ಕಡಿಮೆಯಾಗಿರುತ್ತದೆ. ಹೀಗಾಗಿ ಬ್ಯಾಕ್ಟೀರಿಯಾಗಳು ಅಲ್ಲಿಯೇ ಬೀಡುಬಿಟ್ಟು ಉರಿಯೂತಕ್ಕೆ ಮತ್ತಷ್ಟು ಇಂಧನವಾಗುತ್ತವೆ. ರೋಗ ಬಲಿತಂತೆ ಸಿ.ಡಿ.-8 ಎಂಬ ಜಾತಿಯ ಲಿಂಫೋಸೈಟುಗಳು ಗೋಡೆಯನ್ನು ತುಂಬಿಕೊಳ್ಳುತ್ತವೆ.

ಇದೆಲ್ಲ ನಡೆಯಲು ಮುಪ್ಪು ಬರಬೇಕಾಗಿಲ್ಲ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು, ಆಕಸ್ಮಿಕವಾಗಿ ಮರಣ ಹೊಂದಿದ ತರುಣರ ಶ್ವಾಸಕೋಶಗಳನ್ನು ಪರೀಕ್ಷಿಸಿತು. ಧೂಮಪಾನಿಗಳಾಗಿದ್ದವರ ಕಿರುನಾಳಗಳ ಸುತ್ತ ಆ ಹರೆಯದಲ್ಲಿಯೇ ಕಂದು ಭಕ್ಷಕ ಕೋಶಗಳ ಗುಂಪು ನೆರೆದಿತ್ತು. ಬದುಕಿದ್ದಾಗ ತಮಗೆ ಏನಾದರೂ ತೊಂದರೆಯಿದೆ ಎಂದು ಅವರಿಗೆ ಅನ್ನಿಸಿರಲಾರದು. ನಮ್ಮ ಕಾಲೇಜು ಹುಡುಗರು "ನನಗೇನೂ ಆಗಿಲ್ಲವಲ್ಲ" ಎಂದು ವಾದಿಸುವಾಗ ಈ ಸಂಗತಿ ನೆನಪಿಗೆ ಬರುತ್ತದೆ.

ಕತ್ತರಿ ಮತ್ತು ಅದರ ಒರೆ

ನ್ಯೂಟ್ರೋಫಿಲ್‌ಗಳ ಆಯುಧ ಎಲಾಸ್ಟೇಸ್ ಎಂಬ ಕಿಣ್ವ. ಶ್ವಾಸಕೋಶಕ್ಕೆ ರಬ್ಬರಿನಂತಹ ಹಿಗ್ಗು-ಕುಗ್ಗು ಗುಣವನ್ನು ಕೊಡುವ ಎಲಾಸ್ಟಿನ್ ನೂಲುಗಳನ್ನು ಇದು ಕತ್ತರಿಸಬಲ್ಲುದು. ಹಾಗೆ ನಡೆಯದಂತೆ ತಡೆಯಲು ಯಕೃತ್ತಿನಲ್ಲಿ ತಯಾರಾಗುವ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು ರಕ್ತದೊಂದಿಗೆ ಶ್ವಾಸಕೋಶಕ್ಕೆ ಬಂದು ಕಾವಲಿರುತ್ತದೆ. ಎಲಾಸ್ಟೇಸ್ ಕತ್ತರಿಯಾದರೆ ಇದು ಅದರ ಒರೆ.

ಈ ಒರೆಯ ಮಹತ್ವ ತಿಳಿದುಬಂದದ್ದು 1963ರಲ್ಲಿ. ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಎಂಬ ವಿಜ್ಞಾನಿಗಳು, ಕೆಲವರ ರಕ್ತದಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಬಹಳ ಕಡಿಮೆಯಿರುವುದನ್ನೂ, ಅಂತಹವರಲ್ಲಿ ಸಣ್ಣ ವಯಸ್ಸಿನಲ್ಲಿಯೇ ಎಂಫಿಸೀಮಾ ಕಾಣಿಸಿಕೊಳ್ಳುವುದನ್ನೂ ಗುರುತಿಸಿದರು. ಅದೇ ದಶಕದಲ್ಲಿ ಪ್ರಯೋಗಶಾಲೆಯ ಪ್ರಾಣಿಗಳ ಶ್ವಾಸಕೋಶಕ್ಕೆ ಪಪಾಯದಿಂದ ಪಡೆದ ಪಪೇನ್ ಕಿಣ್ವವನ್ನು ಹಾಕಿದಾಗ ಎಂಫಿಸೀಮಾ ಉಂಟಾಯಿತು. ಕಿಣ್ವ ಮತ್ತು ಅದರ ನಿರೋಧಕಗಳ ಸಮತೋಲ ತಪ್ಪುವುದೇ ರೋಗದ ಬೇರು ಎಂಬ ಸಿದ್ಧಾಂತ ಹುಟ್ಟಿದ್ದು ಹೀಗೆ. ಹುಟ್ಟಿನಿಂದಲೇ ಬರುವ ಈ ಕೊರತೆ ಭಾರತೀಯರಲ್ಲಿ ವಿರಳ. ಆದರೆ ತಂಬಾಕಿನ ಹೊಗೆಯು ಯಾವ ಆನುವಂಶಿಕ ದೋಷವೂ ಇಲ್ಲದವರಲ್ಲಿ ಅದೇ ಅಸಮತೋಲವನ್ನು ಎರಡು ಕಡೆಯಿಂದ ತರುತ್ತದೆ. ಒಂದೆಡೆ ನ್ಯೂಟ್ರೋಫಿಲ್‌ಗಳನ್ನು ಸೆಳೆದು ಕತ್ತರಿಗಳ ಸಂಖ್ಯೆ ಹೆಚ್ಚಿಸುತ್ತದೆ; ಇನ್ನೊಂದೆಡೆ ಹೊಗೆಯ ಉತ್ಕರ್ಷಕಗಳು ಆಂಟಿಟ್ರಿಪ್ಸಿನ್ ಅಣುವಿನ ಅತಿಮುಖ್ಯ ಭಾಗವನ್ನು ಕೆಡಿಸಿ ಒರೆಯನ್ನು ತೂತಾಗಿಸುತ್ತವೆ. ಭಕ್ಷಕ ಕೋಶಗಳು ಸ್ರವಿಸುವ ಬೇರೆ ಕಿಣ್ವಗಳೂ ಈ ನಾಶಕ್ಕೆ ಕೈಜೋಡಿಸುತ್ತವೆ.

ಪರಿಣಾಮವಾಗಿ ಗಾಳಿಗೂಡುಗಳ ನಡುವಣ ಗೋಡೆಗಳು ಕುಸಿದು ಅನೇಕ ಸಣ್ಣ ಗೂಡುಗಳು ಒಂದು ದೊಡ್ಡ ಪೊಳ್ಳಾಗುತ್ತವೆ. ಆಮ್ಲಜನಕ ಹೀರುವ ಮೇಲ್ಮೈ ಕುಗ್ಗುತ್ತದೆ. ಇನ್ನೊಂದು ನಷ್ಟ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಡೇರೆಯನ್ನು ಸುತ್ತಲಿನ ಹಗ್ಗಗಳು ಎಳೆದು ಹಿಡಿದಿರುವಂತೆ, ಕಿರುಶ್ವಾಸನಾಳಗಳನ್ನು ಸುತ್ತಲಿನ ಗಾಳಿಗೂಡುಗಳ ನೂಲುಗಳೇ ತೆರೆದು ಹಿಡಿದಿರುತ್ತವೆ. ಹಗ್ಗ ಹರಿದಾಗ ಉಸಿರು ಬಿಡುವ ವೇಳೆಗೆ ನಾಳ ಮುಚ್ಚಿಕೊಳ್ಳುತ್ತದೆ. ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಎದೆ ಪೀಪಾಯಿಯಂತೆ ಉಬ್ಬುವುದು, ತುಟಿಯನ್ನು ಚೂಪು ಮಾಡಿ ನಿಧಾನವಾಗಿ ಉಸಿರು ಬಿಡುವ ಅಭ್ಯಾಸ ರೋಗಿಗೆ ತಾನಾಗಿ ಬರುವುದು, ಇವುಗಳ ಕಾರಣ ಇದೇ.

ಸದ್ದಿಲ್ಲದ ಪ್ರದೇಶ

ಎರಡು ಮಿಲಿಮೀಟರಿಗಿಂತ ಕಿರಿದಾದ ನಾಳಗಳು ಈ ರೋಗದ ಮುಖ್ಯ ರಣರಂಗ. 1968ರಲ್ಲಿ ಹಾಗ್, ಮ್ಯಾಕ್ಲೆಮ್, ಥರ್ಲ್‌ಬೆಕ್ ಎಂಬ ಸಂಶೋಧಕರು ತಡೆಯ ನಿಜಸ್ಥಾನ ಇದೆಂದು ತೋರಿಸಿದರು. ಆರೋಗ್ಯವಂತರಲ್ಲಿ ಈ ನಾಳಗಳು ಗಾಳಿಗೆ ಒಡ್ಡುವ ತಡೆ ಬಹಳ ಅಲ್ಪ. ಆದುದರಿಂದ ಅವುಗಳಲ್ಲಿ ಬಹುಪಾಲು ಹಾಳಾಗುವವರೆಗೂ ವ್ಯಕ್ತಿಗೆ ಏನೂ ತಿಳಿಯುವುದಿಲ್ಲ. ಮುಂದೆ 2004ರಲ್ಲಿ ಹಾಗ್ ಅವರ ತಂಡವೇ, ರೋಗ ಉಲ್ಬಣಿಸಿದಂತೆ ಈ ಕಿರುನಾಳಗಳ ಗೋಡೆ ದಪ್ಪವಾಗಿ, ಒಳಗೆ ಲೋಳೆ ಮತ್ತು ಉರಿಯೂತದ ಕೋಶಗಳು ತುಂಬಿಕೊಳ್ಳುವುದನ್ನು ವಿವರಿಸಿತು. 2011ರ ಇನ್ನೊಂದು ಅಧ್ಯಯನವು ಗಾಳಿಗೂಡುಗಳು ಕುಸಿಯುವ ಮೊದಲೇ ಈ ನಾಳಗಳು ಮಾಯವಾಗತೊಡಗುತ್ತವೆ ಎಂದು ಕಂಡಿತು. ಎದೆಯ ಎಕ್ಸ್-ರೇ ಸರಿಯಾಗಿದೆ ಎಂದು ನೆಮ್ಮದಿಪಡುವವರು ಇದನ್ನು ಗಮನಿಸಬೇಕು. ಆರಂಭದ ಹಂತದಲ್ಲಿ ಎಕ್ಸ್-ರೇ ಏನನ್ನೂ ತೋರಿಸದಿರಬಹುದು.

ತೋರಿಸಬಲ್ಲ ಸಾಧನ ಸ್ಪೈರೋಮೀಟರ್. ಇದರ ಮೂಲರೂಪವನ್ನು 1846ರಲ್ಲಿ ಲಂಡನಿನಲ್ಲಿ ಜಾನ್ ಹಚಿನ್‌ಸನ್ ಪರಿಚಯಿಸಿದರು. ಪೂರ್ತಿ ಉಸಿರೆಳೆದು, ಜೋರಾಗಿ, ಕನಿಷ್ಠ ಆರು ಸೆಕೆಂಡುಗಳವರೆಗೆ ಊದಬೇಕು. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿಯು ಒಟ್ಟು ಗಾಳಿಯ ಶೇಕಡಾ 70ಕ್ಕಿಂತ ಕಡಿಮೆಯಿದ್ದು, ನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ ಹಾಗೆಯೇ ಉಳಿದರೆ ಸಿ.ಓ.ಪಿ.ಡಿ. ಇದೆಯೆಂದು ತಿಳಿಯಲಾಗುತ್ತದೆ. ರಕ್ತದೊತ್ತಡ, ಸಕ್ಕರೆಯನ್ನು ತಿಂಗಳು ತಿಂಗಳು ನೋಡಿಸಿಕೊಳ್ಳುವ ನಮ್ಮವರಲ್ಲಿ ಎಷ್ಟು ಮಂದಿ ಒಮ್ಮೆಯಾದರೂ ಈ ಯಂತ್ರಕ್ಕೆ ಊದಿದ್ದಾರೆ? ನಲವತ್ತು ದಾಟಿದ, ಹಿಂದೆ ಸೇದಿದ್ದ ಅಥವಾ ಈಗಲೂ ಸೇದುವ, ಕೆಮ್ಮು-ಕಫ-ಏದುಸಿರು ಇರುವ ಯಾರೇ ಆದರೂ ಇದನ್ನು ಕೇಳಿ ಮಾಡಿಸಿಕೊಳ್ಳುವುದು ಉಚಿತ.

ಬಿಟ್ಟ ಮೇಲೂ ಏಕೆ?

ಈಗ ಮೊದಲ ಪ್ರಶ್ನೆಗೆ ಬರೋಣ. ರೋಗವಿನ್ನೂ ಹುಟ್ಟದ ಧೂಮಪಾನಿಯು ಚಟ ಬಿಟ್ಟರೆ ಶ್ವಾಸನಾಳದ ಉರಿಯೂತ ಬಹುಮಟ್ಟಿಗೆ ಇಳಿಯುತ್ತದೆ. ಆದರೆ ಸಿ.ಓ.ಪಿ.ಡಿ. ನೆಲೆಯೂರಿದವರಲ್ಲಿ, ಬಿಟ್ಟು ವರ್ಷಗಳಾದ ಮೇಲೂ ಶ್ವಾಸನಾಳದಿಂದ ತೆಗೆದ ತುಣುಕುಗಳಲ್ಲಿ ಉರಿಯೂತದ ಕೋಶಗಳು ಕಂಡುಬಂದಿವೆ. ಕಾರಣ ಒಂದಲ್ಲ. ಕೆಟ್ಟ ಗೋಡೆಗಳಲ್ಲಿ ನೆಲೆನಿಂತ ಬ್ಯಾಕ್ಟೀರಿಯಾ, ಒಮ್ಮೆ ಕೆರಳಿದ ಮೇಲೆ ತಣಿಯದ ರೋಗನಿರೋಧಕ ವ್ಯವಸ್ಥೆ, ಹಾಳಾದ ಅಂಗಾಂಶದ ಚೂರುಗಳೇ ಹೊಸ ಕೋಶಗಳನ್ನು ಕರೆಯುವುದು, ಇವೆಲ್ಲವನ್ನೂ ಸಂಶೋಧಕರು ಹೆಸರಿಸುತ್ತಾರೆ. ಜೊತೆಗೆ ಮುರಿದ ಗಾಳಿಗೂಡು ಮತ್ತೆ ಕಟ್ಟಿಕೊಳ್ಳುವುದಿಲ್ಲ.

ಹಾಗಾದರೆ ಬಿಟ್ಟು ಫಲವೇನು ಎಂದು ಕೇಳುವವರಿಗೆ ಎರಡು ದೊಡ್ಡ ಅಧ್ಯಯನಗಳು ಉತ್ತರ ಹೇಳುತ್ತವೆ. ಲಂಡನಿನ ಸುಮಾರು 800 ದುಡಿಯುವ ಗಂಡಸರನ್ನು 1961ರಿಂದ ಎಂಟು ವರ್ಷ ಹಿಂಬಾಲಿಸಿದ ಫ್ಲೆಚರ್ ಮತ್ತು ಪೀಟೊ, 1977ರಲ್ಲಿ ಒಂದು ಪ್ರಸಿದ್ಧ ರೇಖಾಚಿತ್ರವನ್ನು ಮುಂದಿಟ್ಟರು. ಎಲ್ಲರ ಶ್ವಾಸಶಕ್ತಿಯೂ ವಯಸ್ಸಿನೊಂದಿಗೆ ಇಳಿಯುತ್ತದೆ. ಹೊಗೆಗೆ ಒಗ್ಗದ ಧೂಮಪಾನಿಗಳಲ್ಲಿ ಆ ಇಳಿಜಾರು ಕಡಿದಾಗಿರುತ್ತದೆ. ಚಟ ಬಿಟ್ಟರೆ ಕಳೆದುಹೋದದ್ದು ಬಾರದಿದ್ದರೂ ಇಳಿಜಾರು ಮತ್ತೆ ಸಾಮಾನ್ಯರಂತಾಗುತ್ತದೆ. ಅಮೆರಿಕ ಮತ್ತು ಕೆನಡಾಗಳಲ್ಲಿ 5887 ಧೂಮಪಾನಿಗಳ ಮೇಲೆ 1986ರಲ್ಲಿ ಆರಂಭವಾದ 'ಲಂಗ್ ಹೆಲ್ತ್ ಸ್ಟಡಿ' ಇದನ್ನು ಅಂಕಿಗಳಲ್ಲಿ ತೋರಿಸಿತು. ಹನ್ನೊಂದು ವರ್ಷಗಳ ನಂತರ ನೋಡಿದಾಗ, ಸೇದುತ್ತಲೇ ಇದ್ದ ಗಂಡಸರು ವರ್ಷಕ್ಕೆ ಸುಮಾರು 66 ಮಿಲಿಲೀಟರಿನಷ್ಟು ಶ್ವಾಸಶಕ್ತಿ ಕಳೆದುಕೊಂಡಿದ್ದರು. ಆರಂಭದಲ್ಲಿಯೇ ಬಿಟ್ಟು ಮತ್ತೆ ಮುಟ್ಟದವರು ಕಳೆದುಕೊಂಡದ್ದು ಸುಮಾರು 30 ಮಾತ್ರ. ಹೆಂಗಸರಲ್ಲಿ ಈ ಅಂಕಿಗಳು ಅನುಕ್ರಮವಾಗಿ 54 ಮತ್ತು 22. ಹತ್ತು ವರ್ಷಗಳ ಹಿಂದೆ ಬೀಡಿ ಬಿಟ್ಟ ಆ ತಂದೆಯವರು ಬಿಡದೆ ಹೋಗಿದ್ದರೆ ಇಂದು ಎರಡು ಮಹಡಿಯಲ್ಲ, ಸ್ನಾನದ ಮನೆಯವರೆಗೆ ನಡೆಯುವುದೂ ಕಷ್ಟವಾಗಿರಬಹುದಿತ್ತು.

ಇನ್ನೊಂದು ಮಾತು. ಹತ್ತನ್ನು ಐದಕ್ಕೆ ಇಳಿಸುವ ಒಪ್ಪಂದದಿಂದ ಶ್ವಾಸಕೋಶಕ್ಕೆ ಆಗುವ ಲಾಭ ನಿರೀಕ್ಷಿಸಿದಷ್ಟಿಲ್ಲ. ಕಡಿಮೆ ಸೇದುವವರು ಅರಿವಿಲ್ಲದೆಯೇ ಆಳವಾಗಿ, ಹೆಚ್ಚು ಹೊತ್ತು ಎಳೆಯುತ್ತಾರೆ.

ಎಲ್ಲರಿಗೂ ಬರುವುದಿಲ್ಲವಲ್ಲ!

ಪ್ರತಿ ಕುಟುಂಬದಲ್ಲಿಯೂ ತೊಂಬತ್ತರವರೆಗೆ ಬೀಡಿ ಸೇದಿ ಗಟ್ಟಿಮುಟ್ಟಾಗಿದ್ದ ಒಬ್ಬ ಅಜ್ಜನ ಕಥೆಯಿರುತ್ತದೆ. ಅಂತಹವರು ಇರುವುದು ಸುಳ್ಳಲ್ಲ. ಹಳೆಯ ಪಠ್ಯಪುಸ್ತಕಗಳು ಧೂಮಪಾನಿಗಳಲ್ಲಿ ನೂರಕ್ಕೆ ಹದಿನೈದು-ಇಪ್ಪತ್ತು ಮಂದಿಗೆ ಮಾತ್ರ ಸಿ.ಓ.ಪಿ.ಡಿ. ಬರುತ್ತದೆ ಎನ್ನುತ್ತಿದ್ದವು. ಹೆಚ್ಚು ಕಾಲ ಹಿಂಬಾಲಿಸಿ ನೋಡಿದ ಅಧ್ಯಯನಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚಿದೆ. ಆನುವಂಶಿಕ ಗುಣ, ಬಾಲ್ಯದ ಶ್ವಾಸಕೋಶ ಸೋಂಕು, ತಾಯಿಯ ಗರ್ಭದಲ್ಲಿದ್ದಾಗಿನ ಪೋಷಣೆ, ದುಡಿಯುವ ಜಾಗದ ಧೂಳು ಇವೆಲ್ಲ ಸೇರಿ ಯಾರ ಪಾಲಿಗೆ ಏನು ಎಂಬುದು ನಿರ್ಧಾರವಾಗುತ್ತದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ ಸಿ.ಓ.ಪಿ.ಡಿ. ಆದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಯೌವನದಲ್ಲಿಯೇ ಪೂರ್ಣ ಬೆಳೆಯದ ಶ್ವಾಸಕೋಶ ಹೊಂದಿದ್ದವರು. ಬಂಡವಾಳ ಕಡಿಮೆಯಿದ್ದವನಿಗೆ ಸಣ್ಣ ನಷ್ಟವೂ ದಿವಾಳಿಯಾಗುವಂತೆ ಇದು. ಆ ಅಜ್ಜನಿಗೆ ಒಲಿದ ಅದೃಷ್ಟ ಮೊಮ್ಮಗನಿಗೂ ಒಲಿದಿದೆಯೇ ಎಂದು ಮೊದಲೇ ತಿಳಿಸುವ ಪರೀಕ್ಷೆ ಯಾವುದೂ ಇಲ್ಲ.

ಬೀಡಿಯ ವಿಚಾರ

ಪಾಶ್ಚಾತ್ಯ ಗ್ರಂಥಗಳು ಸಿಗರೇಟಿನ ಸುತ್ತ ಹೆಣೆದವುಗಳು. ನಮ್ಮಲ್ಲಿ ಬೀಡಿಯೇ ಮುಂದು. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇಕಡಾ 10.7 ಮಂದಿ ಧೂಮಪಾನಿಗಳು. ಬೀಡಿ ಸೇದುವವರು ಶೇಕಡಾ 7.7, ಸಿಗರೇಟು ಸೇದುವವರು ಶೇಕಡಾ 4. ಬೀಡಿಗೂ ಕರ್ನಾಟಕಕ್ಕೂ ಇರುವ ನಂಟು ಹಳೆಯದು. ನಿಪ್ಪಾಣಿಯ ತಂಬಾಕು, ದಕ್ಷಿಣ ಕನ್ನಡ ಮತ್ತು ಉಡುಪಿಯ ಮನೆಗಳ ಜಗಲಿಯಲ್ಲಿ ಹೆಂಗಸರು ಸುತ್ತಿದ ಬೀಡಿ ಕಟ್ಟುಗಳು ಎಷ್ಟೋ ಸಂಸಾರಗಳನ್ನು ಸಾಕಿವೆ, ಮಕ್ಕಳನ್ನು ಓದಿಸಿವೆ. ಆ ಋಣವನ್ನು ಮರೆಯದೆಯೇ, ಬೀಡಿ 'ಎಲೆಯದು, ನಿರಪಾಯಕಾರಿ' ಎಂಬ ಭಾವನೆಯನ್ನು ಬಿಡಬೇಕಾಗಿದೆ. ತೆಂಡು ಎಲೆಯಲ್ಲಿ ಗಾಳಿ ಆಡುವುದಿಲ್ಲವಾದುದರಿಂದ ಬೀಡಿ ಆಗಾಗ ಆರುತ್ತದೆ; ಆರದಂತಿರಲು ಹೆಚ್ಚು ಬಾರಿ, ಹೆಚ್ಚು ಜೋರಾಗಿ ಎಳೆಯಬೇಕು. ಮುಂಬಯಿಯಲ್ಲಿಯೇ ಡಾ. ಪ್ರಕಾಶ್ ಗುಪ್ತಾ ಮತ್ತು ಸಂಗಡಿಗರು 1990ರ ದಶಕದಲ್ಲಿ ಆರಂಭಿಸಿದ ಅಧ್ಯಯನದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ತಂಬಾಕು ಬಳಸದವರಿಗೆ ಹೋಲಿಸಿದರೆ ಸಿಗರೇಟು ಸೇದುವ ಗಂಡಸರ ಸಾವಿನ ಸಂಭವ 1.37 ಪಟ್ಟು, ಬೀಡಿ ಸೇದುವವರದು 1.64 ಪಟ್ಟು ಎಂದು ಅದು ಕಂಡಿತು.

ಸೇದದವರ ಪಾಡು

ಧೂಮಪಾನವೇ ಈ ರೋಗದ ಏಕೈಕ ಕಾರಣವೆಂದರೆ ನಮ್ಮ ತಾಯಂದಿರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಬೀಡಿ ಮುಟ್ಟದ ಎಷ್ಟೋ ಹೆಂಗಸರು ಸೌದೆ ಒಲೆ, ಬೆರಣಿಯ ಹೊಗೆಯಲ್ಲಿ ದಶಕಗಟ್ಟಲೆ ಅಡಿಗೆ ಮಾಡಿ ಇದೇ ರೋಗಕ್ಕೆ ತುತ್ತಾಗಿದ್ದಾರೆ. ಸೇದದವರಲ್ಲಿನ ಸಿ.ಓ.ಪಿ.ಡಿ. ಕುರಿತು ಪುಣೆಯ ಡಾ. ಸಂದೀಪ್ ಸಾಳ್ವಿ ಮತ್ತು ಲಂಡನಿನ ಡಾ. ಪೀಟರ್ ಬಾರ್ನ್ಸ್ 2009ರಲ್ಲಿ ಬರೆದ ಲೇಖನವು ಜಗತ್ತಿನ ವೈದ್ಯರ ಗಮನವನ್ನು ಈ ಕಡೆಗೆ ಸೆಳೆಯಿತು. ಊರಿನಲ್ಲಿ ಹೊಗೆಗೂಡಿನಡಿ ಬೆಳೆದು ನಗರದ ಗ್ಯಾಸ್ ಒಲೆಗೆ ಬಂದ ಹಿರಿಯ ಹೆಂಗಸರ ಏದುಸಿರನ್ನೂ ಸ್ಪೈರೋಮೀಟರಿನಲ್ಲಿ ಅಳೆಯಬೇಕು. "ಅವರೇನು ಸೇದುತ್ತಿರಲಿಲ್ಲವಲ್ಲ" ಎಂದು ಬಿಡಲಾಗದು. ಕಿಟಕಿ ಮುಚ್ಚಿದ ಕೋಣೆಯ ಸೊಳ್ಳೆಬತ್ತಿಯನ್ನೂ ಇಲ್ಲಿ ಹೇಳಬೇಕು. ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ ಹೊರಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮವೆಂದು 2003ರ ಒಂದು ಅಧ್ಯಯನ ಲೆಕ್ಕಹಾಕಿದೆ.

ಇನ್ನು ಮನೆಯೊಳಗಿನ ಪರೋಕ್ಷ ಧೂಮಪಾನ. ಅದೇ 2016-17ರ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇಕಡಾ 38.7 ಮಂದಿ ತಮ್ಮ ಮನೆಯಲ್ಲಿಯೇ ಇತರರ ಹೊಗೆಗೆ ಒಳಗಾಗುತ್ತಿರುವುದು ತಿಳಿದುಬಂತು. ಎರಡು ಕೋಣೆಗಳ ಫ್ಲ್ಯಾಟಿನಲ್ಲಿ ಬಾಲ್ಕನಿಗೆ ಹೋಗಿ ಸೇದಿದರೂ ಹೊಗೆ ಒಳಕ್ಕೆ ಬರುತ್ತದೆ.

ಚಿಕಿತ್ಸೆಯಲ್ಲಿ ಉರಿಯೂತದ ಲೆಕ್ಕಾಚಾರ

ಅಸ್ತಮಾದಲ್ಲಿಯೂ ಶ್ವಾಸನಾಳದ ಉರಿಯೂತವಿದೆ. ಆದರೆ ಅಲ್ಲಿ ಸಾಮಾನ್ಯವಾಗಿ ಇಯೋಸಿನೋಫಿಲ್ ಎಂಬ ಬೇರೆ ಜಾತಿಯ ಕಣಗಳು ಮುಂಚೂಣಿಯಲ್ಲಿರುತ್ತವೆ. ಅವು ಸ್ಟಿರಾಯ್ಡ್ ಇನ್‌ಹೇಲರಿಗೆ ಚೆನ್ನಾಗಿ ಮಣಿಯುತ್ತವೆ. ಸಿ.ಓ.ಪಿ.ಡಿ.ಯ ನ್ಯೂಟ್ರೋಫಿಲ್ ಪ್ರಧಾನ ಉರಿಯೂತ ಅಷ್ಟು ಸುಲಭವಾಗಿ ಮಣಿಯದು. ಇದಕ್ಕೊಂದು ಕಾರಣವನ್ನು ಬಾರ್ನ್ಸ್ ಮತ್ತು ಅವರ ಸಂಗಡಿಗರು 2005ರಲ್ಲಿ ಮುಂದಿಟ್ಟರು. ಉರಿಯೂತದ ಜೀನುಗಳನ್ನು ಮುಚ್ಚಲು ಸ್ಟಿರಾಯ್ಡಿಗೆ ಎಚ್.ಡಿ.ಎ.ಸಿ.-2 ಎಂಬ ಕಿಣ್ವದ ನೆರವು ಬೇಕು; ರೋಗ ಬಲಿತಂತೆ ಶ್ವಾಸಕೋಶದಲ್ಲಿ ಈ ಕಿಣ್ವ ಕುಗ್ಗುತ್ತಾ ಹೋಗುತ್ತದೆ. ಸೇದುವ ಅಸ್ತಮಾ ರೋಗಿಗಳಲ್ಲಿಯೂ ಸ್ಟಿರಾಯ್ಡಿನ ಪ್ರಭಾವ ಕಡಿಮೆಯಾಗುತ್ತದೆ.

ಆದುದರಿಂದ ಸಿ.ಓ.ಪಿ.ಡಿ.ಯಲ್ಲಿ ನಾಳಗಳನ್ನು ಹಿಗ್ಗಿಸುವ ದೀರ್ಘಾವಧಿಯ ಇನ್‌ಹೇಲರುಗಳಿಗೆ ಮೊದಲ ಸ್ಥಾನ. ರೋಗ ಪದೇಪದೇ ಉಲ್ಬಣಿಸುವವರಿಗೆ, ವಿಶೇಷವಾಗಿ ರಕ್ತದಲ್ಲಿ ಇಯೋಸಿನೋಫಿಲ್ ಹೆಚ್ಚಿರುವವರಿಗೆ ಸ್ಟಿರಾಯ್ಡ್ ಇನ್‌ಹೇಲರನ್ನು ಸೇರಿಸುತ್ತಾರೆ. ಎಲ್ಲರಿಗೂ ಕೊಟ್ಟರೆ ನ್ಯುಮೋನಿಯಾದ ಸಂಭವ ಹೆಚ್ಚುತ್ತದೆ. ಇಯೋಸಿನೋಫಿಲ್ ಹೆಚ್ಚಿರುವವರಿಗಾಗಿ ಡ್ಯುಪಿಲುಮ್ಯಾಬ್ ಎಂಬ ಚುಚ್ಚುಮದ್ದಿಗೆ 2024ರಲ್ಲಿ ಯೂರೋಪು, ಅಮೆರಿಕಗಳಲ್ಲಿ ಅನುಮತಿ ದೊರೆತಿದೆ. ಪಕ್ಕದ ಮನೆಯವರಿಗೆ ಹಿಡಿಸಿದ ಇನ್‌ಹೇಲರನ್ನು ಕೇಳಿ ತಂದು ಬಳಸುವುದು ನಮ್ಮಲ್ಲಿ ಅಪರೂಪವೇನಲ್ಲ. ಎರಡು ರೋಗಗಳ ಉರಿಯೂತವೇ ಬೇರೆಯಾದುದರಿಂದ ಅದು ಸಲ್ಲದು. ಫ್ಲೂ ಮತ್ತು ನ್ಯುಮೋಕಾಕಸ್ ಲಸಿಕೆ, ವ್ಯಾಯಾಮ ಸಹಿತವಾದ ಶ್ವಾಸಕೋಶ ಪುನಶ್ಚೇತನ ಇವೂ ಔಷಧಗಳಷ್ಟೇ ಮುಖ್ಯ. ಮನೆಯಲ್ಲಿ ಆಮ್ಲಜನಕ ಪಡೆಯುವ ರೋಗಿಯ ಕೋಣೆಯಲ್ಲಿ ಬೀಡಿ, ಊದುಬತ್ತಿ, ದೀಪ ಯಾವುದೂ ಇರಬಾರದು. ಬೆಂಕಿ ಹತ್ತುವ ಅಪಾಯವಿದೆ.

ಬಿಡುವವರು ತಿಳಿದಿರಬೇಕಾದುದು

ಬಿಟ್ಟ ಮೊದಲ ವಾರಗಳಲ್ಲಿ ಕೆಲವರಿಗೆ ಕೆಮ್ಮು ಹೆಚ್ಚಾಗುತ್ತದೆ. ರೋಮಗಳು ಚೇತರಿಸಿಕೊಂಡು ಹಳೆಯ ಲೋಳೆಯನ್ನು ಹೊರಹಾಕತೊಡಗುವುದರ ಸೂಚನೆಯೆಂದು ಇದನ್ನು ತಿಳಿಯಲಾಗುತ್ತದೆ. "ಬಿಟ್ಟ ಮೇಲೆಯೇ ಕಾಯಿಲೆ ಬಂತು" ಎಂದು ಹೆದರಿ ಮತ್ತೆ ಹಚ್ಚುವವರು ಈ ಘಟ್ಟದಲ್ಲಿಯೇ ಎಡವುತ್ತಾರೆ.

ಥಿಯೋಫಿಲಿನ್ ಜಾತಿಯ ಮಾತ್ರೆ ಸೇವಿಸುವವರು ಇನ್ನೊಂದು ಸಂಗತಿಯನ್ನು ವೈದ್ಯರಿಗೆ ತಿಳಿಸಲೇಬೇಕು. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತನ್ನು ಚುರುಕುಗೊಳಿಸಿ ಈ ಔಷಧವನ್ನು ಬೇಗ ಕರಗಿಸುತ್ತವೆ. ಆದುದರಿಂದ ಸೇದುವವರಿಗೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಚಟ ಬಿಟ್ಟ ಕೆಲವೇ ದಿನಗಳಲ್ಲಿ ಅದೇ ಪ್ರಮಾಣ ಅತಿಯಾಗಿ ವಾಕರಿಕೆ, ನಡುಕ, ಎದೆಬಡಿತ ಕಾಣಿಸಬಹುದು. ಇದು ನಿಕೋಟಿನ್ನಿನ ಪ್ರಭಾವವಲ್ಲವಾದುದರಿಂದ ನಿಕೋಟಿನ್ ಪಟ್ಟಿ ಹಚ್ಚಿಕೊಂಡವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಬರಿಯ ಮನೋಬಲದಿಂದ ಬಿಡಲಾಗದಿದ್ದರೆ ನಾಚಿಕೆಪಡಬೇಕಾದುದಿಲ್ಲ. ನಿಕೋಟಿನ್ ಮಿದುಳನ್ನು ಹಿಡಿದಿಡುವ ವಸ್ತು. ನಿಕೋಟಿನ್ ಚ್ಯೂಯಿಂಗ್ ಗಮ್, ಪಟ್ಟಿ, ವೈದ್ಯರ ಸಲಹೆಯಂತೆ ವ್ಯಾರೆನಿಕ್ಲಿನ್ ಅಥವಾ ಬ್ಯುಪ್ರೊಪಿಯಾನ್ ಮಾತ್ರೆ ನೆರವಾಗುತ್ತವೆ. ಇ-ಸಿಗರೇಟನ್ನು ಭಾರತ 2019ರಲ್ಲಿಯೇ ನಿಷೇಧಿಸಿದೆ. 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ಆರಂಭವಾದ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿಯು 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಮುಂಬಯಿಯ ಟಾಟಾ ಮೆಮೋರಿಯಲ್ ಮತ್ತು ಗುವಾಹಟಿಯ ಬರುವಾ ಕ್ಯಾನ್ಸರ್ ಸಂಸ್ಥೆಗಳಿಗೂ ವಿಸ್ತರಿಸಿತು. ನಿಮ್ಹಾನ್ಸ್ ಕೇಂದ್ರದ ಸಲಹೆಗಾರರು ಕನ್ನಡದಲ್ಲಿ ಮಾತನಾಡುತ್ತಾರೆ. ಉಚಿತ ಕರೆಯ ಸಂಖ್ಯೆ 1800-11-2356. ತಂಬಾಕಿನ ಪೊಟ್ಟಣಗಳ ಮೇಲೆಯೂ ಇದು ಅಚ್ಚಾಗಿರುತ್ತದೆ.